ಐಸ್ ಕೊಡದ ರಸವಂತಿ ಮಾಮಾ

ಮಾಮಾ ಅವರ ಬಲಗೈ ಬೆರಳ ತುದಿಗಳು ಸದಾ ಸುಕ್ಕುಗಟ್ಟಿ ಬೆಳ್ಳಗಿರುತ್ತಿದ್ದವು. ದಿನವಿಡೀ ಐಸಿನ ಪೆಟ್ಟಿಗೆಯಲ್ಲಿ ಕೈ ಆಡುತ್ತಿತ್ತಲ್ಲ! ಹತ್ತಿರ ಹೋದರೆ ಶುಂಠಿ, ಲಿಂಬೆಯ ವಾಸನೆ. ಪುಣೆ ಕ್ಯಾಂಪಿನಲ್ಲಿ ನನ್ನ ವೆಲ್ಡಿಂಗ್ ಅಂಗಡಿಯ ಎದುರಿಗೇ ಅವರ ರಸವಂತಿ, ಅಂದರೆ ಕಬ್ಬಿನ ಹಾಲಿನ ಅಂಗಡಿ. ಗಾಣಕ್ಕೆ ಗೆಜ್ಜೆ ಕಟ್ಟಿದ್ದರು. ಗೆಜ್ಜೆಯ ಸದ್ದು ನಿಂತರೆ ಗಿರಾಕಿ ಇಲ್ಲವೆಂದು ತಿಳಿದು ನಾನು ಹರಟೆಗೆ ಹೋಗುತ್ತಿದ್ದೆ. ಅವರು ಅಥಣಿ ಕಡೆಯವರು, ನಾನು ಇಂಡಿ ಕಡೆಯವನು. ಬೀದಿಯಲ್ಲಿ ಮರಾಠಿ, ನಮ್ಮಿಬ್ಬರಲ್ಲಿ ಕನ್ನಡ.

ನಾನು ಐದನೇ ಇಯತ್ತೆಗೇ ಶಾಲೆ ಬಿಟ್ಟವನು. ಕಬ್ಬಿಣ ಎತ್ತಿಯೇ ಮನೆ ಕಟ್ಟಿದೆ. ಅರವತ್ತು ದಾಟಿದ ಮೇಲೂ ಗೇಟು ಹೊರಲು ಯಾರನ್ನೂ ಕರೆದವನಲ್ಲ. ಒಂದು ವರ್ಷ ಮಾತ್ರ ಜೇಜುರಿಯ ಗುಡ್ಡದ ಗುಡಿಗೆ ಹತ್ತುವಾಗ ಮೆಟ್ಟಿಲುಗಳ ನಡುವೆ ಉಸಿರು ಕಟ್ಟಿತು. ಅಲ್ಲಿ ಎರಚುವ ಅರಿಶಿನ, ಅಂದರೆ ಭಂಡಾರ, ಕಣ್ಣಿಗೆ ಬಿತ್ತೆಂದು ಸುಳ್ಳು ಹೇಳಿ ಕುಳಿತುಬಿಟ್ಟೆ. ಅರಿಶಿನ ಮೆತ್ತಿದ ಮುಖದಲ್ಲಿ ನನ್ನ ಬಣ್ಣ ಇಳಿದದ್ದು ಯಾರಿಗೆ ಕಾಣಬೇಕು? ವಯಸ್ಸಾಯಿತು ಎಂದುಕೊಂಡೆ.

ಜೊತೆಗೊಂದು ವಿಚಿತ್ರ ಚಟ ಹತ್ತಿತ್ತು. ಕಬ್ಬಿನ ಹಾಲು ಬೇಡ, ಬರೀ ಐಸ್ ಬೇಕು. ಕಟಕಟ ಕಡಿದು ತಿಂದರೇ ಸಮಾಧಾನ. ಕೆಲವು ದಿನ ಮಾಮಾ ಸುಮ್ಮನೆ ಕೊಟ್ಟರು. ಒಂದು ಮಧ್ಯಾಹ್ನ ಗಿರಾಕಿಗಳ ಎದುರೇ ಪೆಟ್ಟಿಗೆಯ ಮುಚ್ಚಳ ಹಾಕಿದರು.

“ಐಸ್ ಕೊಡಂಗಿಲ್ಲ. ಮದ್ಲ ಡಾಕ್ಟರ್ ಕಡೆ ಹೋಗಿ ರಕ್ತ ತಪಾಸಣಿ ಮಾಡಿಸು.”

“ಐಸ್ ಕೇಳಿದ್ರ ರಕ್ತ ಕೊಡು ಅಂತೀರಲ್ರಿ ಮಾಮಾ! ನನಗೇನ್ ಧಾಡಿ ಆಗೇದ?”

ಸಿಟ್ಟಿನಿಂದ ರಸ್ತೆ ದಾಟಿ ಬಂದೆ. ಮರುದಿನ ಗೆಜ್ಜೆ ನಿಂತರೂ ಹೋಗಲಿಲ್ಲ. ಅವರೇ ಬಂದರು. ಉರಿಬಿಸಿಲು, ಗಿರಾಕಿ ಮುಗಿಬೀಳುವ ಹೊತ್ತು. ಗಾಣ ನಿಲ್ಲಿಸಿ, ಒದ್ದೆ ಕೈಯಲ್ಲೇ ಬಂದು ನನ್ನ ಸ್ಟೂಲಿನ ಮೇಲೆ ಕುಳಿತರು.

“ನಿಮ್ಮ ಮಾಮಿನೂ ಹಿಂಗ ಐಸ್ ಕಡೀತಿದ್ಲು. ಅರ್ಧಾ ಐಸ್ ನೀನ ತಿಂತಿ ಅಂತ ನಾ ನಗತಿದ್ದೆ. ಸುಸ್ತು ಅಂದ್ರ, ವಯಸ್ಸಾತು ಅಂತಿದ್ದೆ. ಹೊಟ್ಟ್ಯಾಗ ರಕ್ತ ಸೋರೋದು ಗೊತ್ತಾಗೋದ್ರಾಗ ಕೈ ಮೀರಿತ್ತು. ಏಳೋ ತಮ್ಮಾ.”

ಎದ್ದೆ.

ರಕ್ತದಲ್ಲಿ ಕಬ್ಬಿಣದ ಅಂಶ ತಳ ಕಂಡಿತ್ತು. ಐಸಿನ ಚಟಕ್ಕೂ ಸುಸ್ತಿಗೂ ಅದೇ ಕಾರಣವಂತೆ. ಈ ವಯಸ್ಸಿನಲ್ಲಿ ಹೀಗಾದರೆ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಲೇಬೇಕೆಂದು ಡಾಕ್ಟರು ಹೊಟ್ಟೆಯೊಳಗೆ ನಳಿಗೆ ಇಳಿಸಿ ಪರೀಕ್ಷಿಸಿದರು. ಮೊಣಕಾಲು ನೋವಿಗೆಂದು ನಾನೇ ತಂದು ನುಂಗುತ್ತಿದ್ದ ಗುಳಿಗೆಗಳು ಒಳಗೆ ಹುಣ್ಣು ಮಾಡಿದ್ದವು. ವೇಳೆಗೆ ಸರಿಯಾಗಿ ಬಂದಿರಿ ಎಂದರು. ಹೊರಗೆ ಬಂದ ಮೇಲೆ ಮಾಮಾ ಕಣ್ಣೊರೆಸಿಕೊಂಡು ನಕ್ಕರು. “ಜಲ್ಮ ಎಲ್ಲಾ ಕಬ್ಬಿಣದಾಗ ಕಳದಿ. ಒಂದ್ ಚೂರರೆ ಒಳಗ ಹೋಗಬಾರದೇನೋ?”

ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದೆಂದು ಡಾಕ್ಟರು ಹೇಳಿದ್ದೇ ತಡ, ಆ ಹೊತ್ತಿಗೆ ನನಗೆ ಚಹಾ ಕೊಡಕೂಡದೆಂದು ಮೂಲೆಯ ಚಹಾದವನಿಗೆ ತಾಕೀತು ಮಾಡಿ ಬಂದರು. ಲಿಂಬೆ ನೀರು ತಾವೇ ತಂದು, ನಾನು ಗುಳಿಗೆ ನುಂಗುವವರೆಗೆ ಎದುರು ನಿಲ್ಲುತ್ತಿದ್ದರು. ಬರಬರುತ್ತ ಐಸಿನ ಆಸೆ ತಾನಾಗಿಯೇ ಹೋಯಿತು. ಮುಂದಿನ ವರ್ಷ ಇಬ್ಬರೂ ಜೇಜುರಿಗೆ ಹೋದೆವು. ಮೆಟ್ಟಿಲ ಮೇಲೆ ಅವರಿಗೇ ದಮ್ಮು ಹತ್ತಿತು. “ಕಣ್ಣಾಗ ಭಂಡಾರ ಬಿತ್ತೇನ್ರಿ ಮಾಮಾ?” ಎಂದು ಕೇಳಿ ಚೆನ್ನಾಗಿ ಬೈಸಿಕೊಂಡೆ.

ಹೋದ ಚಳಿಗಾಲದಲ್ಲಿ ಮಾಮಾ ನಿದ್ದೆಯಲ್ಲೇ ತೀರಿಕೊಂಡರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ದಾರಿಯಲ್ಲಿ ಅವರ ಮಗ, “ಕಾಕಾ, ಸಾಕ್ರಿ, ಬ್ಯಾರೇದವ್ರಿಗೆ ಕೊಡ್ರಿ” ಎಂದ. ಕೊಡಲಿಲ್ಲ. ಸ್ಮಶಾನದವರೆಗೂ ನನಗೆ ಉಸಿರು ಕಟ್ಟಲಿಲ್ಲ.