ಒಂಬತ್ತನೇ ಚೌಕದ ಎಣಿಕೆ

“ಅಯ್ಯೋ, ಕಾಲೆತ್ತಿ! ಒಂದು ಊರನ್ನೇ ತುಳಿದುಬಿಟ್ರಲ್ಲ!”

ಬೆಳಗಿನ ಆರು ಗಂಟೆ. ಪೇಪರ್‌ಗೆ ಬರೆಯಲೆಂದು ಹುಲ್ಲುಗಾವಲಿಗೆ ನಾನು ಕಾಲಿಟ್ಟದ್ದೇ ತಡ, ‘ಎಣಿಕೆ ಅಕ್ಕ’ನ ಬೈಗುಳ ಶುರು. ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು ಕೆಳಗೆ ನೋಡುತ್ತೇನೆ. ನನಗೆ ಕಾಣುವುದು ಬರೀ ಹುಲ್ಲು. ಸುಣ್ಣಕಲ್ಲಿನ ಗುಡ್ಡದ ಮೇಲೆ ಅಕ್ಕ ಮಂಡಿಯೂರಿ, ಮೊಳದಗಲದ ತಂತಿ ಚೌಕಟ್ಟನ್ನು ನೆಲಕ್ಕಿಟ್ಟು, ಬೆರಳ ತುದಿಯಲ್ಲಿ ಎಸಳೆಸಳು ಸರಿಸಿ ಎಣಿಸುತ್ತಿದ್ದಾರೆ.

ಇದೇ ಅವರ ಉದ್ಯೋಗ. ಸಸ್ಯ ಸಂಶೋಧನಾ ಕೇಂದ್ರದಲ್ಲಿ ಎಣಿಕೆ ಸಹಾಯಕಿಯಾಗಿ ಇಪ್ಪತ್ಮೂರು ವರ್ಷ. ಗುಡ್ಡದಲ್ಲಿ ಗುರುತು ಹಾಕಿದ ನಲವತ್ತು ಚೌಕ, ದಿನಕ್ಕೆ ನಾಲ್ಕು, ವರ್ಷಕ್ಕೆ ನಾಲ್ಕು ಸುತ್ತು. ವರದಿಗಳಲ್ಲಿ ಇವರ ಹೆಸರಿಲ್ಲ, ಅಂಕಿಗಳೆಲ್ಲ ಇವರವೇ. ಮಂಡಿ ಸವೆದಿದೆ, ನೆಲಕ್ಕೆ ಕೂರಲೇಬೇಡಿ ಎಂದಿದ್ದಾರೆ ಡಾಕ್ಟರು. “ನಿಂತ್ಕೊಂಡು ಪಾಚಿ ಎಣಿಸೋಕೆ ನಾನೇನು ಜಿರಾಫೆನಾ?” ಎನ್ನುತ್ತಾರೆ ಅಕ್ಕ.

ಬಸ್ ಮೆಕ್ಯಾನಿಕ್ ಆಗಿರುವ ಗಂಡನದು ಇನ್ನೊಂದು ದೂರು. “ನನ್ನ ಹುಟ್ಟಿದ ದಿನ ಮರೀತಾಳೆ, ಪಾಚಿ ಹಸಿರಾದ ತಾರೀಕು ಮರೆಯಲ್ಲ.”

ಅಕ್ಕ ನನ್ನ ಕೈಗೆ ಭೂತಗನ್ನಡಿ ಕೊಡುತ್ತಾರೆ. ಬಗ್ಗುತ್ತೇನೆ. ಅಬ್ಬಾ! ಹುಲ್ಲಿನ ಬುಡದಲ್ಲಿ ಪಾಚಿಯ ಮೆತ್ತೆ, ಮೆತ್ತೆಯೊಳಗೆ ಸಾಸಿವೆಯಷ್ಟು ಹೂಮೊಗ್ಗು, ಪಕ್ಕದ ಕಲ್ಲಿಗಂಟಿದ ಬೂದುಬಣ್ಣದ ಕಲ್ಲುಹೂವು. ಒಂದು ಮೊಳ ಜಾಗದಲ್ಲಿ ಮೂವತ್ತು ಬಗೆಯ ಜೀವ! ನಮ್ಮ ಮನೆಯಲ್ಲಿ ಐದೇ ಜನ, ಒಂದು ಬಚ್ಚಲಿಗೆ ದಿನಾ ಯುದ್ಧ.

“ಇವಕ್ಕೆ ಜಗಳ ಇಲ್ವಾ ಅಕ್ಕಾ?”

“ಇಲ್ದೆ ಏನು? ಆದ್ರೆ ಮಣ್ಣು ನಾಲ್ಕೇ ಬೆರಳು, ಅದೂ ಬಡಮಣ್ಣು. ಯಾರಿಗೂ ಕೊಬ್ಬೋಕೆ ಆಗಲ್ಲ. ತಲೆ ಎತ್ತಿದವರನ್ನ ಕುರಿ ಮೇಯುತ್ತೆ. ಚಳೀಲಿ ಪಾಚಿ, ಬಿಸಿಲಲ್ಲಿ ಹೂವು, ಪಾಳಿ ಹಾಕ್ಕೊಂಡು ಬದುಕ್ತವೆ. ಕಲ್ಲುಹೂವಿಗೆ ಯಾರಿಗೂ ಬೇಡದ ಬೋಳು ಕಲ್ಲೇ ಸಾಕು.”

ಇಷ್ಟು ತಿಳಿಯಲು ಅವರು ತೆತ್ತದ್ದು ಒಂಬತ್ತನೇ ಚೌಕ. ಕೆಲಸಕ್ಕೆ ಸೇರಿದ ಮೊದಲ ವರ್ಷ, ದೊಡ್ಡ ಅಧಿಕಾರಿಗಳು ಬರುತ್ತಾರೆಂದು, ಬಟ್ಟೆ ಒಗೆಯುವ ಬ್ರಷ್ ತಂದು ಅಲ್ಲಿನ ಕಲ್ಲನ್ನೆಲ್ಲ ಉಜ್ಜಿಬಿಟ್ಟರಂತೆ. ಪಾಚಿಯನ್ನು ಕಸವೆಂದು ಕಿತ್ತೆಸೆದರಂತೆ.

“ಹೂವಿಗೆ ಉಪಕಾರ ಮಾಡ್ತೀನಿ ಅಂದ್ಕೊಂಡೆ. ಆ ಬೇಸಿಗೇಲಿ ಮೊಳಕೆಗಳೆಲ್ಲ ಕರಟಿ ಹೋದ್ವು. ಪಾಚಿ ತಾನೇ ಅವಕ್ಕೆ ತೇವ ಹಿಡಿದಿಟ್ಟಿದ್ದು! ಮೂವತ್ತೊಂದು ಬಗೆ ಇದ್ದದ್ದು ಹದಿನೆಂಟಕ್ಕೆ ಇಳೀತು. ಯಾರೂ ಬೈಲಿಲ್ಲ. ಬೈದಿದ್ರೆ ಅತ್ತು ಹಗುರಾಗ್ತಿದ್ದೆ.”

ಅಂದಿನ ಎಣಿಕೆ ಪುಸ್ತಕದಲ್ಲಿ ಅವರ ಕೈಬರಹ ಇನ್ನೂ ಇದೆ: “ಪಾಚಿ ನಾನೇ ಕಿತ್ತೆ.”

ಅಲ್ಲಿಂದೀಚೆಗೆ ಒಂದೊಂದೇ ಜೀವ ಮರಳಿದೆ. ಉಜ್ಜಿದ ಕಲ್ಲಿನ ಮೇಲೆ ಕಲ್ಲುಹೂವು ಇಷ್ಟು ವರ್ಷಕ್ಕೆ ಅಂಗಿಯ ಗುಂಡಿಯಷ್ಟಾಗಿದೆ. ಆದರೆ ಲೆಕ್ಕ ಮೂವತ್ತಕ್ಕೆ ನಿಂತು ಆರು ವರ್ಷವಾಯಿತು. ಬಾರದೆ ಉಳಿದದ್ದು ಒಂದು ಪುಟ್ಟ ನೀಲಿ ಹೂವಿನ ಗಿಡ. ನಾಳೆ ಅಕ್ಕನಿಗೆ ನಿವೃತ್ತಿ. ಕೊನೆಯ ಎಣಿಕೆಯೆಂದು ಒಂಬತ್ತನೇ ಚೌಕವನ್ನೇ ಉಳಿಸಿಕೊಂಡಿದ್ದಾರೆ.

ಚೌಕಟ್ಟನ್ನು ಅಲ್ಲಿಗೆ ಒಯ್ದಿಟ್ಟು ಅಕ್ಕ ಎಣಿಸುತ್ತಾರೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಬೆರಳು ಪಾಚಿಯ ಮೆತ್ತೆಯ ಬಳಿ ತಡೆಯುತ್ತದೆ. ಗಕ್ಕನೆ ಭೂತಗನ್ನಡಿಯನ್ನು ನನ್ನ ಕೈಗೆ ತುರುಕುತ್ತಾರೆ.

“ನೀವು ನೋಡಿ. ನನ್ನ ಕಣ್ಣಿಗೆ ಆಸೆ ಜಾಸ್ತಿ, ನಂಬೋಕಾಗಲ್ಲ.”

ಪಾಚಿಯ ನಡುವೆ ಎರಡೆಲೆಯ ಮೊಳಕೆ. ಪಕ್ಕದ ಚೌಕದಲ್ಲಿ ಅದೇ ನೀಲಿ ಹೂವಿನ ಎಳೆ ಸಸಿಗಳಿವೆ. ಎಲೆಯಂಚಿನ ರೋಮ ಸಮೇತ ಹೋಲಿಸಿ ನೋಡುತ್ತೇನೆ. ಅದೇ!

“ಮೂವತ್ತೊಂದು ಅಕ್ಕಾ.”

“ಇನ್ನೊಂದ್ಸಲ.”

“ಮೂವತ್ತೊಂದೇ.”

ಸೆರಗಲ್ಲಿ ಕಣ್ಣೊರೆಸಿಕೊಂಡು, ಚೀಲದಿಂದ ಆ ಹಳೆಯ ಪುಸ್ತಕ ತೆಗೆದು, ತಮ್ಮ ತಪ್ಪೊಪ್ಪಿಗೆಯ ಕೆಳಗೆ ಅಕ್ಕ ಒಂದೇ ಪದ ಬರೆಯುತ್ತಾರೆ: “ಬಂತು.”

ಏಳಲು ನನ್ನ ಭುಜ ಹಿಡಿಯುತ್ತಾರೆ. “ನನ್ನ ಜಾಗಕ್ಕೆ ಬರೋರಿಗೆ ಒಂದು ಮಾತು ಪೇಪರ್‌ನಲ್ಲಿ ಹಾಕಿ ಮತ್ತೆ. ಬ್ರಷ್ ಮನೇಲೇ ಇಟ್ಟು ಬನ್ನಿ ಅಂತ.”