ಕಾಗದದಲ್ಲಿಲ್ಲದ ಕೂಸು

ಬೆಳಗ್ಗೆ ಆರೂವರೆಗೇ ಫೋನ್ ಬಡಿದುಕೊಂಡಾಗ ವರ್ಲೀನಳ ಎದೆ ಧಸಕ್ಕೆಂದಿತು. ಆ ಹೊತ್ತಿನ ಕರೆ ಒಳ್ಳೆಯದಕ್ಕೆ ಬಂದದ್ದುಂಟೇ? ಕೆಂಟಕಿಯ ಗುಡ್ಡಗಾಡಿನ ನಾಲ್ಕು ಕೌಂಟಿಗಳಲ್ಲಿ ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡನ್ನೇ ನಂಬಿಕೊಂಡ ಅರವತ್ತೆರಡು ಕಾಯಿಲೆ ಮಕ್ಕಳಿಗೆ ಡಾಕ್ಟರು, ಔಷಧಿ, ಆಸ್ಪತ್ರೆಗೆ ಕರೆದೊಯ್ಯುವ ವ್ಯಾನು ಎಲ್ಲ ಹೊಂದಿಸಿಕೊಡುವುದು ಅವಳ ಕೆಲಸ. ಒಂದು ಎಳೆ ತಪ್ಪಿತೋ, ಎಲ್ಲ ಗೋಜಲು.

"ವ್ಯಾನಿನವ್ನು ಕೂಸನ್ನ ಹತ್ತಿಸ್ಕೊಳಲ್ಲ ಅಂತಾನೆ, ವರ್ಲೀನಕ್ಕಾ!" ಮಿಸ್ಟಿ ಅಳುತ್ತಿದ್ದಳು. "ಕಾಗದದಲ್ಲಿ ಎರಡೇ ಹೆಸರಂತೆ."

ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮಿಸ್ಟಿಯ ಏಳು ವರ್ಷದ ಮಗಳು ಟೆಸ್ಸಾಗೆ ಫಿಟ್ಸು. ಲೆಕ್ಸಿಂಗ್ಟನ್ನಿನ ಮಕ್ಕಳ ನರರೋಗದ ಡಾಕ್ಟರನ್ನು ಕಾಣಲು ಎಂಟು ತಿಂಗಳು ಕಾದಿದ್ದರು. ದಿನ ಗೊತ್ತಾದ ಕೂಡಲೇ ವರ್ಲೀನ್ ವ್ಯಾನಿಗೂ ಬರೆದಿಟ್ಟಿದ್ದಳು: ಮಗು ಒಂದು, ತಾಯಿ ಒಂದು. ಆಗ ಈ ಕೂಸು ಇನ್ನೂ ಹೊಟ್ಟೆಯಲ್ಲಿತ್ತು. ಹುಟ್ಟಿದಾಗ ಕೈಯಾರೆ ಕುಲಾವಿ ಹೆಣೆದು ಕೊಟ್ಟು ಬಂದ ಮಹಾತಾಯಿ ವರ್ಲೀನ್, ಕಾಗದ ತಿದ್ದುವುದನ್ನು ಮಾತ್ರ ಮರೆತಿದ್ದಳು.

ಡ್ರೈವರ್ ಡೆಲ್ಬರ್ಟ್ ಫೋನ್ ಈಸಿಕೊಂಡ. "ನಂಗೇನು ಕರುಳಿಲ್ವಾ ತಾಯಿ? ದೊಡ್ಡ ಹುಡುಗಿ ಆಗ್ಲೇ ಬೆಲ್ಟ್ ಹಾಕ್ಕೊಂಡು ಕೂತಿದಾಳೆ. ಹೆಸರಿಲ್ದೋರನ್ನ ಹತ್ತಿಸ್ಕೊಂಡ್ರೆ ನನ್ನ ಕೆಲ್ಸ ಹೋಗುತ್ತೆ. ಹತ್ತು ನಿಮಿಷ ನಿಲ್ತೀನಿ, ಅಷ್ಟೇ."

ಹೆಸರು ಸೇರಿಸಲು ಮೂರು ದಿನ ಬೇಕು. ಇವತ್ತು ತಪ್ಪಿದರೆ ಮತ್ತೆ ಎಂಟು ತಿಂಗಳು. ಟೆಸ್ಸಾಗೆ ಈಗ ನಿದ್ದೆಯಲ್ಲೂ ಫಿಟ್ಸು ಬರುತ್ತಿತ್ತು.

"ನಿಮ್ಮತ್ತೆ ಹಳ್ಳದಾಚೆಗೇ ಇದಾರಲ್ಲೇ?" ಫೋನ್ ಮತ್ತೆ ಮಿಸ್ಟಿಯ ಕೈಗೆ ಬಂದಾಗ ವರ್ಲೀನ್ ಕೇಳಿದಳು.

"ಆ ಮುದುಕಿ ಹತ್ರಾನಾ? ಮಾತು ಬಿಟ್ಟು ವರ್ಷ ಆಯ್ತು! ಇವ್ನು ಬಾಟ್ಲಿನೂ ಮುಟ್ಟಲ್ಲ, ಇಡೀ ದಿನ ಹೆಂಗಿರ್ತಾನೆ?"

"ಅತ್ರೆ ಅಳ್ಲಿ ಕಣೇ. ಟೆಸ್ಸಾ ಹೋಗ್ಲೇಬೇಕು."

ಅತ್ತೆ ಓರ್ಫಾಗೆ ವರ್ಲೀನಳೇ ಫೋನ್ ಮಾಡಿದಳು.

"ಅವ್ಳೇ ಕರೆದ್ಲಾ?" ಮುದುಕಿ ಕೇಳಿದಳು.

"ಇಲ್ಲ. ನಾನು ಬೇಡ್ಕೋತಿದೀನಿ."

"ಹ್ಞೂಂ. ಶೂ ಹಾಕ್ಕೋತೀನಿ, ಇರು."

ಓರ್ಫಾ ಬಂದು ಕೂಸನ್ನು ಎತ್ತಿಕೊಂಡ ಮೇಲೆ ವ್ಯಾನು ಹೊರಟಿತು. ಆಮೇಲೆ ಗುಡ್ಡಗಳಲ್ಲಿ ಸಿಗ್ನಲ್ಲೇ ಇಲ್ಲ. ಒಂಬತ್ತಕ್ಕೆ ಓರ್ಫಾ ಫೋನ್ ಮಾಡಿ, "ಕಿರುಚಿ ಕಿರುಚಿ ಕೆಂಪಾಗಿದಾನೆ, ಚಮಚದಲ್ಲಿ ಕೊಟ್ರೂ ಉಗೀತಾನೆ," ಅಂದಳು. ಹಿಂದಿನಿಂದ ಅಳು ಕೇಳುತ್ತಲೇ ಇತ್ತು. ಹತ್ತಾಯಿತು, ಹತ್ತೂವರೆಯಾಯಿತು. ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತೋ, ಮಿಸ್ಟಿ ಮನಸ್ಸು ತಡೆಯದೆ ವಾಪಸಾದಳೋ! ಹನ್ನೊಂದಕ್ಕೆ ಆಸ್ಪತ್ರೆಯವರು, "ಬಂದಿದಾರೆ, ಡಾಕ್ಟರ್ ನೋಡ್ತಿದಾರೆ," ಅಂದಾಗ ಅವಳು ಕುರ್ಚಿಗೆ ಒರಗಿದಳು. ಅಷ್ಟರಲ್ಲಿ ಕೂಸೂ ಸುಸ್ತಾಗಿ ನಿದ್ದೆ ಹೋಗಿತ್ತು.

ಮಧ್ಯಾಹ್ನ ಮಿಸ್ಟಿಯ ಕರೆ. "ಹೊಸ ಔಷಧಿ ಕೊಟ್ರು ಅಕ್ಕಾ. ಆರು ವಾರ ಬಿಟ್ಟು ಬನ್ನಿ ಅಂದ್ರು." ಮರುಕ್ಷಣವೇ, "ಕೂಸು ಅತ್ತನಾ?"

"ಇಲ್ವೇ, ಚಿನ್ನದಂಗಿದ್ದ."

ಆ ಕಡೆ ಬಿಕ್ಕುವ ಸದ್ದು. "ನನ್ನ ನೆನಪೇ ಆಗ್ಲಿಲ್ವಾ ಅವ್ನಿಗೆ?"

ವರ್ಲೀನಳಿಗೆ ತಡೆಯಲಾಗಲಿಲ್ಲ. "ಮೂರು ಗಂಟೆ ಬಿಡದೆ ಅತ್ತ ಕಣೇ. ತಪ್ಪು ನಂದು."

"ಅತ್ತನಾ!" ಮಿಸ್ಟಿ ಅಳುತ್ತಲೇ ನಕ್ಕಳು. "ಹಂಗಾದ್ರೆ ಮುಂದಿನ ಸಲಕ್ಕೆ ಅವ್ನ ಹೆಸ್ರು ಈಗ್ಲೇ ಬರಿ. ಬರೆಯೋವರೆಗೂ ನಾನು ಫೋನ್ ಇಡಲ್ಲ."