ಮಾತೃಭಾಷೆ ಕನ್ನಡ ಅಂತ ಬರೆಸಿದ್ದು

ನನ್ನ ಮಗಳು ಲಂಡನ್ನಿನಲ್ಲಿ ಎರಡು ವರ್ಷ ಓದಿದ್ದು ಇಂಗ್ಲಿಷ್ ಸಾಹಿತ್ಯ. ಉಳಿದದ್ದನ್ನು ಅಮೆರಿಕದಲ್ಲಿ ಓದುತ್ತೇನೆ ಅಂತ ಹಟ ಹಿಡಿದಳು. ಆ ಎರಡು ವರ್ಷ ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಅಲ್ಲಿಯ ಕಾಲೇಜಿನವರು ಒಪ್ಪಬೇಕಲ್ಲ, ಅದಕ್ಕೇ ಲಂಡನ್ನಿನ ಹೋಟೆಲೊಂದರಲ್ಲಿ ನಡೆದ ಅಮೆರಿಕದ ಕಾಲೇಜುಗಳ ಮೇಳಕ್ಕೆ ಅವಳ ಜೊತೆ ನಾನೂ ಹೋದೆ.

ಮೇಜಿನಾಚೆ ಕೂತಿದ್ದ ಅಮೆರಿಕದ ಕಾಲೇಜೊಂದರ ಅಧಿಕಾರಿ ಅವಳೊಡನೆ ನಾಟಕ, ಕಾದಂಬರಿ ಅಂತ ಬಹಳ ಹೊತ್ತು ಹರಟಿದ. "ನಿಮ್ಮ ಮಗಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿದೆ" ಅಂತ ನನಗೆ ಹೇಳಿದ. ಆಮೇಲೆ ಅರ್ಜಿ ನೋಡಿದ. ಮಾತೃಭಾಷೆ ಕನ್ನಡ ಅಂತ ನಾನೇ ಹೇಳಿ ಬರೆಸಿದ್ದೆ.

"ಹಾಗಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗೋವರೆಗೆ ಈ ಕ್ರೆಡಿಟ್ ಲೆಕ್ಕಕ್ಕಿಲ್ಲ" ಅಂದ.

"ಇವಳು ಹುಟ್ಟಿದ್ದೇ ಇಲ್ಲಿ, ಲಂಡನ್ನಿನ ಕ್ರೋಯ್ಡನ್‌ನಲ್ಲಿ. ಓದಿದ್ದೂ ಇಂಗ್ಲಿಷೇ. ಈಗ ತಾನೇ ನೀವೇ ಹೊಗಳಿದಿರಿ" ಅಂದೆ.

"ಅದು ನನ್ನ ಅಭಿಪ್ರಾಯ, ಇದು ನಿಯಮ" ಅಂತ ಅರ್ಜಿಯನ್ನು ನನ್ನತ್ತ ತಳ್ಳಿ ಪೆನ್ನು ಕೊಟ್ಟ. "ಇಂಗ್ಲಿಷ್ ಅಂತ ತಿದ್ದಿಬಿಡಿ, ಪರೀಕ್ಷೆ ಬೇಡ."

ನನಗೆ ಮೈಯೆಲ್ಲ ಉರಿದುಹೋಯಿತು. "ಜಸ್ಟ್ ಚೇಂಜ್ ಇಟ್, ಅಮ್ಮಾ" ಅಂದಳು ಮಗಳು. ಪೆನ್ನನ್ನು ಅವನ ಮುಂದೆ ಕುಕ್ಕಿ, "ಪರೀಕ್ಷೆ ಬರೀತಾಳೆ" ಅಂತ ಎದ್ದುಬಂದೆ.

ಕ್ರೋಯ್ಡನ್ ಬರುವವರೆಗೂ ರೈಲಿನಲ್ಲಿ ನನ್ನೂರು ಧಾರವಾಡದ ಒಂದು ಬೈಗುಳವನ್ನೂ ಬಿಡಲಿಲ್ಲ. "ನಿಯಮ ಅಂತ, ಮಂಗ್ಯಾನ ಮಗ. ನನ್ನ ಭಾಷಾ ನಾ ಯಾಕ ಅಳಸಬೇಕು?" ಮಗಳು ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು.

ಅವನೇನಾದರೂ ನಮ್ಮ ಎದುರು ಸೀಟಿನಲ್ಲಿ ಕೂತಿದ್ದಿದ್ದರೆ, ಅರ್ಜಿಯನ್ನು ಇಂಗ್ಲಿಷ್ ಅಂತ ತಾನೇ ತಿದ್ದಿಬಿಡುತ್ತಿದ್ದ.